ಒಡೆಯದೆ ಒಳಗನ್ನು ತಿಳಿಯುವ ಬಗೆ: ಅಲ್ ಬಿರೂನಿಯ ಬದುಕು

ಕೊಪ್ಪಳ ಜಿಲ್ಲೆಯ ಕಾರಟಗಿ ಭತ್ತದ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗದ್ದೆಗಳು, ಅಕ್ಕಿ ಗಿರಣಿಗಳು. ಸೋನಾ ಮಸೂರಿ ಅಂದರೆ ಗಂಗಾವತಿ, ಕಾರಟಗಿ ಕಡೆಯದ್ದು ಅಂತ ನಮ್ಮ ಕರಾವಳಿಯವರಿಗೂ ಗೊತ್ತು. ಭತ್ತ ಬೆಳೆಯುವವರಲ್ಲಿ ಬಿತ್ತನೆ ಬೀಜ ಆರಿಸುವ ಒಂದು ಉಪಾಯ ಇದೆ. ಬಕೆಟ್ ನೀರಿಗೆ ಒಂದು ಕೋಳಿಮೊಟ್ಟೆ ಬಿಡುತ್ತಾರೆ. ಅದು ಮುಳುಗುತ್ತದೆ. ಉಪ್ಪು ಹಾಕಿ ಕಲಕುತ್ತಾ ಹೋದರೆ ಒಂದು ಹದಕ್ಕೆ ಬಂದಾಗ ಮೊಟ್ಟೆ ಮೇಲೆದ್ದು ತೇಲುತ್ತದೆ. ಆಗ ಮೊಟ್ಟೆ ತೆಗೆದು ಬೀಜ ಸುರಿಯಬೇಕು. ಜಳ್ಳು ಮೇಲೆ ತೇಲುತ್ತದೆ, ಗಟ್ಟಿಕಾಳು ತಳ ಸೇರುತ್ತದೆ. ತಳದ ಬೀಜವನ್ನು ಸಿಹಿನೀರಲ್ಲಿ ಎರಡು ಮೂರು ಸಲ ತೊಳೆದು ಸಸಿಮಡಿಗೆ ಹಾಕಿದರಾಯ್ತು. ಒಂದು ಕಾಳನ್ನೂ ಒಡೆದು ನೋಡಲಿಲ್ಲ. ಆದರೂ ಒಳಗೆ ಏನಿದೆ ಅಂತ ತಿಳಿಯಿತು.

ಶಾಲೆಯಲ್ಲಿ ಸಾಂದ್ರತೆ ಅನ್ನುವುದು ಇದನ್ನೇ. ಆದರೆ ಅಲ್ಲಿ ಅದು ರಾಶಿಯನ್ನು ಗಾತ್ರದಿಂದ ಭಾಗಿಸು ಅನ್ನುವ ಬಾಯಿಪಾಠವಾಗಿ ಮುಗಿದುಹೋಗುತ್ತದೆ. ಭೂಮಿಯ ಪದರಗಳ ಪಾಠ ಇನ್ನೊಂದು ಪುಸ್ತಕದಲ್ಲಿ ಬರುತ್ತದೆ. ವೃತ್ತ ಬಿಡಿಸಿ, ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಅಂತ ಹೆಸರು ಬರೆದು, ಬಣ್ಣ ಹಚ್ಚಿದರೆ ಅದೂ ಮುಗಿಯಿತು. ಅಷ್ಟು ಆಳಕ್ಕೆ ಯಾರೂ ಹೋಗಿಲ್ಲವಲ್ಲ ಸಾರ್, ಮತ್ತೆ ಹೇಗೆ ಗೊತ್ತಾಯ್ತು ಅಂತ ಒಂದು ಮಗು ಕೇಳಿದರೆ? ಉತ್ತರ ಹೇಳಲು ಈ ಎರಡೂ ಪಾಠಗಳನ್ನು ಜೋಡಿಸಬೇಕು. ಆ ಜೋಡಣೆಗೆ ಬೇಕಾದ ಎರಡು ಅಳತೆಗಳನ್ನು ಸಾವಿರ ವರ್ಷಗಳ ಹಿಂದೆ ತನ್ನ ಕೈಯಾರೆ ಮಾಡಿದ ಒಬ್ಬ ವಿದ್ವಾಂಸ ನಮಗೆ ಸಿಗುತ್ತಾನೆ.

ಅಬೂ ರೈಹಾನ್ ಮುಹಮ್ಮದ್ ಇಬ್ನ್ ಅಹ್ಮದ್ ಅಲ್ ಬಿರೂನಿ ಹುಟ್ಟಿದ್ದು 973ರಲ್ಲಿ, ಖ್ವಾರಿಝ್ಮ್ ಪ್ರಾಂತ್ಯದ ಕಾತ್ ನಗರದ ಹೊರವಲಯದಲ್ಲಿ. ಇಂದು ಅದು ಉಜ್ಬೇಕಿಸ್ತಾನ. ಬಿರೂನ್ ಅಂದರೆ ಪಾರ್ಸಿಯಲ್ಲಿ ಹೊರಗೆ ಅಂತ. ಹೊರಗಿನವನು ಅನ್ನುವ ಆ ಹೆಸರು ಅವರ ಬದುಕಿಗೂ ಅಂಟಿಕೊಂಡಿತು. ಅಬೂ ನಸ್ರ್ ಮನ್ಸೂರ್ ಎಂಬ ಗಣಿತಜ್ಞರ ಬಳಿ ಕಲಿತರು. 995ರಲ್ಲಿ ರಾಜಮನೆತನಗಳ ಜಗಳದಲ್ಲಿ ಕಾತ್ ಕೈಬದಲಾಯಿತು. ಇಪ್ಪತ್ತೆರಡರ ಯುವಕ ಊರು ಬಿಟ್ಟು ಓಡಬೇಕಾಯಿತು. ಅಂಥ ಅಲೆದಾಟದ ದಿನಗಳಲ್ಲೂ ಅಳೆಯುವುದನ್ನು ಬಿಡಲಿಲ್ಲ. 997ರ ಒಂದು ಚಂದ್ರಗ್ರಹಣವನ್ನು ಅವರು ಕಾತ್‌ನಿಂದ ನೋಡಿದರು. ಅದೇ ಗ್ರಹಣವನ್ನು ಬಗ್ದಾದಿನಲ್ಲಿ ಅಬುಲ್ ವಫಾ ನೋಡಿದರು. ಎರಡು ಕಡೆಯ ಸಮಯದ ವ್ಯತ್ಯಾಸದಿಂದ ಆ ಎರಡು ಊರುಗಳ ರೇಖಾಂಶದ ಅಂತರ ಸಿಕ್ಕಿತು.

1017ರಲ್ಲಿ ಮಹ್ಮೂದ್ ಘಜ್ನವಿ ಖ್ವಾರಿಝ್ಮನ್ನು ಗೆದ್ದಾಗ ಅಲ್ಲಿನ ವಿದ್ವಾಂಸರನ್ನೂ ಘಜ್ನಿಗೆ ಒಯ್ದ. ಅವರಲ್ಲಿ ಬಿರೂನಿಯೂ ಒಬ್ಬರು. ಗೌರವ ಇತ್ತು, ಹೊರಟುಹೋಗುವ ಸ್ವಾತಂತ್ರ್ಯ ಇರಲಿಲ್ಲ. ಮಹ್ಮೂದನ ಸೇನೆ ಹಿಂದೂಸ್ತಾನಕ್ಕೆ ಬಂದ ದಾರಿಯಲ್ಲೇ ಬಿರೂನಿಯೂ ಬಂದರು. ಆದರೆ ಕೆಲಸ ಬೇರೆ. ನಡುವಯಸ್ಸಿನಲ್ಲಿ ಸಂಸ್ಕೃತ ಕಲಿಯಲು ಕುಳಿತರು. ಪಂಡಿತರನ್ನು ಹುಡುಕಿ ಪ್ರಶ್ನೆ ಕೇಳಿದರು. 1030ರ ಸುಮಾರಿಗೆ ಬರೆದು ಮುಗಿಸಿದ ಕಿತಾಬುಲ್ ಹಿಂದ್‌ನಲ್ಲಿ ಇಲ್ಲಿನ ಧರ್ಮ, ಗಣಿತ, ಖಗೋಳ, ಆಚಾರಗಳನ್ನು ಇಲ್ಲಿನವರು ಹೇಳುವಂತೆಯೇ ದಾಖಲಿಸಿದರು. ಮಹ್ಮೂದನ ದಾಳಿಗಳಿಂದ ಈ ನಾಡಿನ ಸಮೃದ್ಧಿ ಹಾಳಾಯಿತು, ಇಲ್ಲಿನ ವಿದ್ಯೆ ದೂರದೂರಿಗೆ ಚದುರಿತು ಅಂತಲೂ ಅದರಲ್ಲೇ ಬರೆದರು. ಆ ಆಸ್ಥಾನದ ಅನ್ನ ಉಂಡವರು ಅದನ್ನು ಬರೆದದ್ದು ಸಣ್ಣ ಮಾತಲ್ಲ. ತಕ್ಕಡಿ ಯಾರ ಕಡೆಗೂ ವಾಲಬಾರದು ಅನ್ನುವುದು ಅವರಿಗೆ ಲೋಹ ತೂಗುವಾಗ ಮಾತ್ರದ ನಿಯಮ ಆಗಿರಲಿಲ್ಲ.

ಈಗ ಮೊದಲ ಅಳತೆಗೆ ಬರೋಣ. ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿ ನಂದನ ಎಂಬ ಕೋಟೆ ಇದೆ. ಪಕ್ಕದಲ್ಲಿ ಬೆಟ್ಟ, ಮುಂದೆ ಕಣ್ಣು ಹಾಯುವಷ್ಟೂ ಬಯಲು. ಅವರಿಗಿಂತ ಇನ್ನೂರು ವರ್ಷ ಮೊದಲು ಬಗ್ದಾದಿನ ವಿಜ್ಞಾನಿಗಳು ಭೂಮಿಯ ಅಳತೆಗಾಗಿ ಮರುಭೂಮಿಯಲ್ಲಿ ಮೈಲುಗಟ್ಟಲೆ ನಡೆದಿದ್ದರು. ಬಿರೂನಿ ನಡೆಯಲಿಲ್ಲ. ಬಯಲಿನಲ್ಲಿ ನಿಂತು ಕೋನ ಹಿಡಿದು ಬೆಟ್ಟದ ಎತ್ತರ ಲೆಕ್ಕ ಹಾಕಿದರು. ಆಮೇಲೆ ತುದಿಗೆ ಹತ್ತಿ, ದಿಗಂತ ಕಣ್ಣಿನ ಮಟ್ಟಕ್ಕಿಂತ ಎಷ್ಟು ಕೆಳಗೆ ಕಾಣುತ್ತದೆ ಅಂತ ನೋಡಿದರು. ಸಿಕ್ಕಿದ್ದು ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಈ ಎರಡು ಸಂಖ್ಯೆಗಳಿಂದ ಭೂಮಿಯ ತ್ರಿಜ್ಯ ತೆಗೆದರು. ಇಂದು ನಾವು ಅದನ್ನು 6,371 ಕಿಲೋಮೀಟರ್ ಅನ್ನುತ್ತೇವೆ. ಬಿರೂನಿಯ ಲೆಕ್ಕ ಅದಕ್ಕೆ ಹತ್ತಿರ ಬರುತ್ತದೆ.

ಎರಡನೆಯ ಅಳತೆ ಸಾಂದ್ರತೆಯದ್ದು. ಆ ಕಾಲದ ಅರಮನೆಯಲ್ಲಿ ರತ್ನ, ಚಿನ್ನ ರಾಶಿ ರಾಶಿ. ಅಸಲಿ ಯಾವುದು, ನಕಲಿ ಯಾವುದು? ಉಜ್ಜಿ ನೋಡಿದರೆ ಗೀರು, ಒಡೆದರೆ ನಷ್ಟ. ಬಿರೂನಿ ಶಂಕುವಿನ ಆಕಾರದ ಒಂದು ಪಾತ್ರೆ ಮಾಡಿಸಿದರು. ಕತ್ತು ಸಪೂರ, ಬದಿಯಲ್ಲಿ ಕೆಳಕ್ಕೆ ಬಾಗಿದ ನಳಿಗೆ. ನಳಿಗೆಯ ಮಟ್ಟಕ್ಕೆ ನೀರು ತುಂಬಿ ಒಳಗೆ ವಸ್ತು ಬಿಟ್ಟರೆ, ಅದರ ಗಾತ್ರದಷ್ಟೇ ನೀರು ನಳಿಗೆಯಿಂದ ಹೊರಬಂದು ತಕ್ಕಡಿಯ ತಟ್ಟೆಗೆ ಬೀಳುತ್ತದೆ. ಆ ನೀರನ್ನು ತೂಗಿದರಾಯ್ತು. ನೂರು ತೂಕದ ಚಿನ್ನ ಹಾಕಿದರೆ ಐದು ತೂಕಕ್ಕಿಂತ ತುಸುವೇ ಹೆಚ್ಚು ನೀರು ಹೊರಬರುತ್ತದೆ. ಅಷ್ಟೇ ತೂಕದ ಬೆಳ್ಳಿ ಹಾಕಿದರೆ ಸುಮಾರು ಒಂಬತ್ತೂವರೆ. ಚಿನ್ನಕ್ಕೆ ಬೆಳ್ಳಿ ಬೆರೆಸಿದ್ದರೆ ನೀರೇ ಸಾಕ್ಷಿ ಹೇಳುತ್ತದೆ! ಕೇಳಲು ಸುಲಭ. ಆದರೆ ನಳಿಗೆಯಲ್ಲಿ ಒಂದು ಹನಿ ನಿಂತರೂ ಲೆಕ್ಕ ತಪ್ಪುತ್ತದೆ. ಹೀಗೆ ಹದಿನೆಂಟು ಲೋಹ, ರತ್ನಗಳನ್ನು ಅವರು ತೂಗಿದರು. ಲೋಹಗಳಿಗೆ ಚಿನ್ನವನ್ನೂ ರತ್ನಗಳಿಗೆ ನೀಲವನ್ನೂ ಅಳತೆಗೋಲಾಗಿ ಇಟ್ಟುಕೊಂಡರು. 1121ರಲ್ಲಿ ಅಲ್ ಖಾಝಿನಿ ತನ್ನ ತಕ್ಕಡಿಯ ಗ್ರಂಥದಲ್ಲಿ ಈ ಸಂಖ್ಯೆಗಳನ್ನು ಸೇರಿಸಿದ್ದರಿಂದ ಅವು ನಮ್ಮವರೆಗೆ ಉಳಿದವು. ಬಹಳಷ್ಟು ಸಂಖ್ಯೆಗಳು ಇಂದಿನವಕ್ಕೆ ಅಚ್ಚರಿಪಡುವಷ್ಟು ಹತ್ತಿರ.

ನೆಲದ ಮೇಲೂ ಅವರ ಕಣ್ಣಿತ್ತು. ಉತ್ತರ ಹಿಂದೂಸ್ತಾನದ ಬಯಲಿನಲ್ಲಿ ಅಗೆದಲ್ಲೆಲ್ಲ ದುಂಡುಕಲ್ಲು. ಬೆಟ್ಟದ ಹತ್ತಿರ ದಪ್ಪ ಕಲ್ಲು, ದೂರ ಹೋದಂತೆ ಸಣ್ಣದು, ಸಮುದ್ರದ ಬಳಿ ಬರೀ ಮರಳು. ಒಂದು ಕಾಲಕ್ಕೆ ಇದು ಸಮುದ್ರವಾಗಿತ್ತು, ನದಿಗಳು ತಂದ ಹೂಳು ಅದನ್ನು ತುಂಬಿತು ಅಂತ ಅವರು ತೀರ್ಮಾನಿಸಿದರು.

ಭೂಮಿಯ ಆಳದ ಪದರಗಳು ಬಿರೂನಿಗೆ ಗೊತ್ತಿರಲಿಲ್ಲ. ಅದಕ್ಕೆ ಇನ್ನೂ ಶತಮಾನಗಳು ಬೇಕಾದವು. 1798ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಸೀಸದ ಗುಂಡುಗಳ ನಡುವಿನ ಸೆಳೆತವನ್ನು ಅಳೆದು, ಇಡೀ ಭೂಮಿಯ ಸರಾಸರಿ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಅಂತ ತೋರಿಸಿದ. ಭೂಮಿ ಎಷ್ಟು ದೊಡ್ಡದು ಅಂತ ತಿಳಿದಿದ್ದರಿಂದಲೇ ಆ ಲೆಕ್ಕ ಸಾಧ್ಯವಾಯಿತು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿದ್ದು 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದ್ದ ಓಲ್ಡ್‌ಹ್ಯಾಮ್, ಕಂಪನದ ಅಲೆಗಳ ಓಟ ನೋಡಿ 1906ರಲ್ಲಿ ಕೇಂದ್ರಗೋಳ ಇದೆ ಅಂದರು. ಅದರೊಳಗೆ ಇನ್ನೊಂದು ಒಳಗೋಳ ಇದೆ ಅಂತ 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ ಕಂಡುಕೊಂಡರು. ನಮ್ಮ ಕೋಲಾರದ ಗಣಿ ಇಳಿದದ್ದು ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ರಷ್ಯಾದವರು ಕೊರೆದ ಅತಿ ಆಳದ ಬಾವಿ ಹನ್ನೆರಡು ಚಿಲ್ಲರೆ. ಉಳಿದದ್ದೆಲ್ಲ ಒಡೆಯದೆ ತಿಳಿದದ್ದೇ.

ಕಾರಟಗಿಯ ಮೇಷ್ಟ್ರಿಗೆ ಈ ಪಾಠಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಆ ಸೀಮೆಯಲ್ಲಿ ಗ್ರಾನೈಟ್ ಬಂಡೆಗೆ ಬರವಿಲ್ಲ. ಒಂದು ಚೂರು ತಂದು ತೂಗಲಿ. ತುಂಬಿದ ಪಾತ್ರೆಗೆ ಇಳಿಸಿ, ಚೆಲ್ಲಿದ ನೀರನ್ನೂ ತೂಗಲಿ. ಭಾಗಿಸಿದರೆ 2.7ರ ಆಸುಪಾಸು ಬರುತ್ತದೆ. ಪಕ್ಕದಲ್ಲಿ ಭೂಮಿಯ ಸರಾಸರಿ 5.5 ಅಂತ ಬರೆದು ಮಕ್ಕಳಿಗೇ ಬಿಡಲಿ. ಮೇಲಿನ ಕಲ್ಲು ಇಷ್ಟು ಹಗುರ ಇದ್ದು ಸರಾಸರಿ ಅಷ್ಟಿದ್ದರೆ, ಒಳಗೆ ಇನ್ನೂ ಭಾರದ್ದು ಇರಲೇಬೇಕು ಅಂತ ಯಾವುದಾದರೂ ಮಗು ಹೇಳಿಯೇ ಹೇಳುತ್ತದೆ. ಒಳಗಿರುವುದು ಹೆಚ್ಚಾಗಿ ಕಬ್ಬಿಣ ಅಂತ ಆಮೇಲೆ ಹೇಳಿದರೂ ಸಾಕು. ಭೂಮಿ ಎಳೆಯದಾಗಿ ಕರಗಿದ್ದಾಗ ಭಾರದ್ದು ತಳಕ್ಕಿಳಿಯಿತು, ಹಗುರದ್ದು ಮೇಲುಳಿಯಿತು. ಮನೆಯಲ್ಲಿ ಅಪ್ಪ ಉಪ್ಪುನೀರಿಗೆ ಬೀಜ ಸುರಿದದ್ದನ್ನು ನೋಡಿದ ಮಗುವಿಗೆ ಇದು ಹೊಸ ಮಾತಲ್ಲ.

ಬಿರೂನಿ ನೂರಕ್ಕೂ ಹೆಚ್ಚು ಕೃತಿ ಬರೆದರು. ಬಹುಪಾಲು ಕಳೆದುಹೋಗಿವೆ. ಸುಲ್ತಾನ್ ಮಸೂದ್‌ಗೆ ಅರ್ಪಿಸಿದ ಖಗೋಳ ಗ್ರಂಥಕ್ಕೆ ಆನೆಯ ಮೇಲೆ ಹೇರಿ ಕಳಿಸಿದ ಬೆಳ್ಳಿಯನ್ನು ಅವರು ಹಿಂದಿರುಗಿಸಿದರು ಅಂತ ಒಂದು ಕಥೆ ಇದೆ. ಹಳೆಯ ಚರಿತ್ರೆಕಾರರು ಇನ್ನೊಂದನ್ನೂ ಹೇಳುತ್ತಾರೆ. 1048ರ ಸುಮಾರಿಗೆ ಘಜ್ನಿಯಲ್ಲಿ ಅವರು ಕೊನೆಯುಸಿರು ಎಳೆಯುತ್ತಿದ್ದಾಗ ನೋಡಲು ಬಂದ ಒಬ್ಬ ಫಕೀಹರಲ್ಲಿ, ಹಿಂದೆ ಅರ್ಧಕ್ಕೆ ನಿಂತಿದ್ದ ಆಸ್ತಿ ಹಂಚಿಕೆಯ ಒಂದು ಲೆಕ್ಕವನ್ನು ವಿವರಿಸಲು ಕೇಳಿದರಂತೆ. ಈ ಸ್ಥಿತಿಯಲ್ಲಿ ಯಾಕೆ ಅಂತ ಅವರು ಬೆರಗಾದರೆ, ತಿಳಿಯದೆ ಹೋಗುವುದಕ್ಕಿಂತ ತಿಳಿದು ಹೋಗುವುದು ಮೇಲಲ್ಲವೇ ಅಂತ ಉತ್ತರ. ವಿವರಿಸಿ ಮುಗಿಸಿ ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಅಳುವ ಸದ್ದು ಕೇಳಿಸಿತು.