ವಿದ್ಯಾರ್ಥಿ ವಸತಿಗಳ ಜನಕ ಶ್ರೀ ಶಾಹೂ ಮಹಾರಾಜರು

ಕರವೀರ ಕ್ಷೇತ್ರವೆಂದು ಪುರಾಣಪ್ರಸಿದ್ಧವಾದ ಕೊಲ್ಹಾಪುರವನ್ನು ಉತ್ತರ ಕರ್ನಾಟಕದ ನಾವು ಪರಸ್ಥಳವೆಂದು ಎಂದೂ ಭಾವಿಸಿದವರಲ್ಲ. ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗವು ಹಿಂದೆ ಆ ಸಂಸ್ಥಾನಕ್ಕೇ ಸೇರಿದ್ದಿತು. ಅಂಥ ಸಂಸ್ಥಾನವನ್ನು 28 ವರ್ಷಗಳ ಕಾಲ ಆಳಿದ ಶ್ರೀ ಶಾಹೂ ಛತ್ರಪತಿಗಳ ಚರಿತ್ರೆಯಲ್ಲಿ ಶಿಕ್ಷಕರಾದವರು ಮನನ ಮಾಡಬೇಕಾದ ಸಂಗತಿಗಳು ಹಲವುಂಟು.

ಕಾಗಲದ ಘಾಟಗೆ ಮನೆತನದಲ್ಲಿ 1874ರ ಜೂನ್ 26ರಂದು ಜನಿಸಿದ ಯಶವಂತರಾಯನೆಂಬ ಬಾಲಕನು 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತಕನಾಗಿ ಬಂದು ಶಾಹೂ ಎಂಬ ಅಭಿಧಾನವನ್ನು ಪಡೆದನು. ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲಿ ಕೆಲಕಾಲ ಓದಿದ ತರುವಾಯ 1890ರಿಂದ 1894ರ ವರೆಗೆ ನಮ್ಮ ಧಾರವಾಡದಲ್ಲಿಯೇ ಫ್ರೇಜರ ಸಾಹೇಬರ ಕೈಕೆಳಗೆ ಅವರ ವಿದ್ಯಾಭ್ಯಾಸ ನಡೆಯಿತು. ಇದೇ ಫ್ರೇಜರರು ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. ಹಿಂದುಳಿದ ಜನರ ಏಳಿಗೆಗಾಗಿ ದುಡಿದ ಇಬ್ಬರು ದೊರೆಗಳು ಒಬ್ಬನೇ ಗುರುವಿನ ಶಿಷ್ಯರಾಗಿದ್ದುದು ಬರಿಯ ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಮನಸ್ಸೊಪ್ಪದು.

1894ರ ಏಪ್ರಿಲ್ 2ರಂದು ಮಹಾರಾಜರು ರಾಜ್ಯಾಧಿಕಾರವನ್ನು ವಹಿಸಿಕೊಂಡರು. ಐದು ವರ್ಷಗಳು ಕಳೆದ ಮೇಲೆ ಕಾರ್ತಿಕ ಸ್ನಾನಕ್ಕೆಂದು ಪಂಚಗಂಗಾ ನದಿಗೆ ಹೋದಾಗ, ಪುರೋಹಿತರು ವೇದಮಂತ್ರಗಳನ್ನು ಬಿಟ್ಟು ಪುರಾಣೋಕ್ತ ಮಂತ್ರಗಳನ್ನು ಹೇಳುತ್ತಿರುವುದನ್ನು ಜೊತೆಗಿದ್ದ ರಾಜಾರಾಮಶಾಸ್ತ್ರಿ ಭಾಗವತರು ಲಕ್ಷ್ಯಕ್ಕೆ ತಂದರು. ವಿಚಾರಿಸಲಾಗಿ, ಮಹಾರಾಜರು ಶೂದ್ರರಾದುದರಿಂದ ಅವರಿಗೆ ವೇದೋಕ್ತದ ಅಧಿಕಾರವಿಲ್ಲವೆಂಬ ಉತ್ತರ ಬಂದಿತು. ಸಿಂಹಾಸನದಲ್ಲಿ ಕುಳಿತವನಿಗೇ ಈ ಗತಿಯಾದರೆ ಶಾಲೆಯ ಮೂಲೆಯಲ್ಲಿ ಕುಳಿತ ಬಡವರ ಮಗನ ಗತಿಯೇನು? ತಾವು ಉಂಡ ಅಪಮಾನವೇ ಮಹಾರಾಜರಿಗೆ ಪರರ ನೋವನ್ನು ಕಲಿಸಿದ ಪಾಠವಾಯಿತೆಂದು ನಾನು ತಿಳಿಯುತ್ತೇನೆ. ಅವರಿಗೆ ಕೋಪ ಬಂದುದೂ ನಿಜ. ರಾಜೋಪಾಧ್ಯರ ಇನಾಮುಗಳನ್ನು ಜಪ್ತಿಮಾಡಿದುದೂ ನಿಜ. ಆದರೆ ಕೋಪದಲ್ಲಿಯೇ ನಿಂತಿದ್ದರೆ ಅವರ ಹೆಸರನ್ನು ಇಲ್ಲಿ ಬರೆಯುವ ಕಾರಣವಿರುತ್ತಿರಲಿಲ್ಲ.

ಹಳ್ಳಿಯ ಹುಡುಗನು ಓದಲು ಪಟ್ಟಣಕ್ಕೆ ಬಂದರೆ ಮೊದಲ ಪ್ರಶ್ನೆ ಪುಸ್ತಕದ್ದಲ್ಲ, ಅನ್ನದ್ದು. ಇದನ್ನು ನಮ್ಮ ಮಠಗಳು ಬಲ್ಲವು. ಮಹಾರಾಜರು 1896ರಲ್ಲಿ ಎಲ್ಲ ಜಾತಿಯವರಿಗೂ ತೆರೆದ ಒಂದೇ ವಸತಿಗೃಹವನ್ನು ಆರಂಭಿಸಿದ್ದರು. ಆದರೆ ಕ್ರಮೇಣ ಅದರಲ್ಲಿ ಉಳಿದವರು ಬ್ರಾಹ್ಮಣ ವಿದ್ಯಾರ್ಥಿಗಳು ಮಾತ್ರ. ಬಾಗಿಲು ತೆರೆದಿದ್ದರೂ ಒಳಗಿನ ಮನಸ್ಸುಗಳು ತೆರೆದಿರಲಿಲ್ಲ. ಆಗ ಅವರು ಬೇರೆಯ ಹಾದಿ ಹಿಡಿದರು. 1901ರಲ್ಲಿ ಮರಾಠಾ ವಸತಿಗೃಹ, ಅದೇ ವರ್ಷ ಜೈನರದು, 1906ರಲ್ಲಿ ಮುಸಲ್ಮಾನರದು, 1907ರಲ್ಲಿ ವೀರಶೈವ ಲಿಂಗಾಯತರದು, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹ, ಹೀಗೆ ಒಂದರ ಹಿಂದೊಂದು ಎದ್ದು ನಿಂತವು. ಮುಸಲ್ಮಾನರು ಮುಂದೆ ಬರಲು ಹಿಂಜರಿದಾಗ ಅವರ ಶಿಕ್ಷಣ ಸಂಸ್ಥೆಯ ಅಧ್ಯಕ್ಷತೆಯನ್ನು ಹಿಂದೂ ದೊರೆಯಾದ ತಾವೇ ವಹಿಸಿಕೊಂಡರು. ನಿವೇಶನ, ಕಟ್ಟಡ, ವಾರ್ಷಿಕ ಅನುದಾನಗಳಲ್ಲಿ ಕೈ ಹಿಡಿಯಲಿಲ್ಲ.

ಜಾತಿಗೊಂದು ವಸತಿಗೃಹವಾದರೆ ಜಾತಿಯೇ ಬಲಿಯುವುದಿಲ್ಲವೇ ಎಂಬ ಆಕ್ಷೇಪ ಅಂದೂ ಇದ್ದಿತು, ಇಂದೂ ಇದೆ. ಆಕ್ಷೇಪವು ನಿರಾಧಾರವಲ್ಲ. ತನ್ನವರ ನಡುವೆಯೇ ಉಂಡು ಮಲಗಿ ಬೆಳೆದ ಹುಡುಗನಿಗೆ ಅನ್ಯರು ಅನ್ಯರಾಗಿಯೇ ಉಳಿಯುವ ಭಯವುಂಟು. ಆದರೆ 1896ರ ಪ್ರಯೋಗವನ್ನು ಕಂಡವರು ಬೇರೆ ಏನು ಮಾಡಬಹುದಿತ್ತು? ಅನ್ನವೇ ಸಿಕ್ಕದೆ ಊರಿಗೆ ಮರಳಿದ ಹುಡುಗನಿಗೆ ಸಮಾನತೆಯ ಉಪದೇಶದಿಂದ ಆಗುವುದೇನು? ವಸತಿಗೃಹಗಳು ಬೇರೆಯಾದರೂ ಪಾಠಶಾಲೆಗಳು ಬೇರೆಯಾಗಿರಬಾರದೆಂಬುದು ಮಹಾರಾಜರ ನಿಶ್ಚಯವಾಗಿದ್ದುದನ್ನು ಆಕ್ಷೇಪಕರು ಮರೆಯಬಾರದು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ನಿಃಶುಲ್ಕವೂ ಆಗಿ ಮಾಡಿ, 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ ಆ ಮಕ್ಕಳನ್ನು ಎಲ್ಲರ ಜೊತೆ ಒಂದೇ ಶಾಲೆಯಲ್ಲಿ ಕೂರಿಸಲು ಆಜ್ಞಾಪಿಸಿದರು. ಸಮಾನವಾಗಿ ಕಾಣಲಾರದ ಸರಕಾರಿ ನೌಕರರು ಆರು ವಾರಗಳೊಳಗೆ ರಾಜೀನಾಮೆ ಕೊಟ್ಟು ಹೋಗಬಹುದು, ಅಂಥವರಿಗೆ ನಿವೃತ್ತಿವೇತನವಿಲ್ಲ ಎಂದೂ ಅದೇ ವರ್ಷ ಸಾರಿದರು.

ಆಜ್ಞೆಯಿಂದ ಪೀಠಗಳು ಹತ್ತಿರ ಬಂದಾವು, ಮನಸ್ಸುಗಳು ಬರುವವೇ? ಅದಕ್ಕೆ ಮಹಾರಾಜರ ನಡೆಯೇ ಉತ್ತರ. ಅರಮನೆಯ ಲಾಯದಲ್ಲಿದ್ದ ಗಂಗಾರಾಮ ಕಾಂಬಳೆ ಎಂಬ ಅಸ್ಪೃಶ್ಯ ಸೇವಕನು ಮೇಲ್ಜಾತಿಯವರ ನೀರನ್ನು ಮುಟ್ಟಿದನೆಂದು ಸಹಸೇವಕರು ಅವನನ್ನು ಹೊಡೆದರು. ಮಹಾರಾಜರು ಅವನಿಗೆ ಹಣ ಕೊಟ್ಟು ಪೇಟೆಯಲ್ಲಿ ಚಹದಂಗಡಿ ಹಾಕಿಸಿದರು; ತಮ್ಮ ಗಾಡಿಯನ್ನು ಅಲ್ಲಿ ನಿಲ್ಲಿಸಿ ಚಹ ತರಿಸಿಕೊಂಡು, ತಾವೂ ಕುಡಿದು ಜೊತೆಗಿದ್ದ ಮಾನ್ಯರಿಗೂ ಕುಡಿಸಿದರು. ದೊರೆ ಕುಡಿದ ಮೇಲೆ ಒಲ್ಲೆನೆನ್ನುವ ಧೈರ್ಯ ಯಾರಿಗಿದ್ದೀತು! ಶಿಷ್ಯರು ಗುರುವಿನ ಮಾತಿಗಿಂತ ಗುರುವಿನ ಕೈಯನ್ನೇ ಹೆಚ್ಚು ನೋಡುತ್ತಾರೆಂಬುದನ್ನು ಮೂವತ್ತು ವರ್ಷ ಪಾಠ ಹೇಳಿದ ನಾನೂ ಕಂಡಿದ್ದೇನೆ.

1920ರ ಮಾರ್ಚ್‌ನಲ್ಲಿ ಮಾಣಗಾಂವದ ಪರಿಷತ್ತಿನಲ್ಲಿ ಮಹಾರಾಜರು ತರುಣ ಅಂಬೇಡಕರರನ್ನು ಅವರ ಜನರ ಭಾವೀ ನಾಯಕರೆಂದು ಬಹಿರಂಗವಾಗಿ ಸಾರಿದರು. ಅವರ ‘ಮೂಕನಾಯಕ’ ಪತ್ರಿಕೆಗೆ 2,500 ರೂಪಾಯಿಗಳನ್ನು ಕೊಟ್ಟರು. ಅದೇ ವರ್ಷ ಜುಲೈಯಲ್ಲಿ ಹುಬ್ಬಳ್ಳಿಯ ಬ್ರಾಹ್ಮಣೇತರ ಪರಿಷತ್ತಿಗೂ ಅಧ್ಯಕ್ಷರಾಗಿ ಬಂದಿದ್ದರು. 1922ರ ಮೇ 6ರಂದು ಮುಂಬಯಿಯಲ್ಲಿ ದೇಹವಿಟ್ಟಾಗ ಅವರಿಗೆ 48 ವರ್ಷಗಳೂ ತುಂಬಿರಲಿಲ್ಲ.

ಕೊಲ್ಹಾಪುರಕ್ಕೆ ಮಹಾಲಕ್ಷ್ಮೀ ದರ್ಶನಾರ್ಥವಾಗಿ ಹೋಗುವವರು ದಸರಾ ಚೌಕಕ್ಕೂ ಹೋಗಿ ಬರಬೇಕು. ಜೈನರ, ಮುಸಲ್ಮಾನರ, ಲಿಂಗಾಯತರ ವಸತಿಗೃಹಗಳು ಅಲ್ಲಿ ಒಂದೇ ಬಯಲಿನ ಸುತ್ತಮುತ್ತ ನಿಂತಿವೆ. ಬಾಗಿಲುಗಳು ಬೇರೆ ಬೇರೆಯಾದರೂ ಹೊರಗೆ ಬಂದ ಹುಡುಗರಿಗೆಲ್ಲ ಆ ಚೌಕ ಒಂದೇ.