ಎರಡು ಮಹಾಯುದ್ಧಗಳಿಗೂ ಒಪ್ಪದ ಸಂಸದೆ

ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಪ್ರಥಮ ಮಹಿಳೆ ಜೆನೆಟ್ ರ‍್ಯಾಂಕಿನ್. ನ್ಯೂಯಾರ್ಕಿನಂಥ ದೊಡ್ಡ ರಾಜ್ಯಗಳಿಗೆ ಸಿಗದ ಈ ಹಿರಿಮೆ ದಕ್ಕಿದ್ದು ಗಣಿ, ಹುಲ್ಲುಗಾವಲುಗಳ ವಿರಳ ಜನವಸತಿಯ ಮೊಂಟಾನಾ ರಾಜ್ಯಕ್ಕೆ. ಮಹಿಳಾ ಮತಾಧಿಕಾರ ಅಮೆರಿಕದ ಸಂವಿಧಾನದಲ್ಲಿ ಸೇರಿದ್ದು 1920ರಲ್ಲಿ. ರ‍್ಯಾಂಕಿನ್ ಗೆದ್ದದ್ದು ಅದಕ್ಕೂ ನಾಲ್ಕು ವರ್ಷ ಮೊದಲು.

ಮಿಸೂಲಾ ಪಟ್ಟಣದ ಸಮೀಪ 1880ರ ಜೂನ್ 11ರಂದು ಜನಿಸಿದ ರ‍್ಯಾಂಕಿನ್, ಮೊಂಟಾನಾ ವಿಶ್ವವಿದ್ಯಾಲಯದ ಪದವೀಧರೆ. ಮತಾಧಿಕಾರ ಚಳವಳಿಯಲ್ಲಿ ಊರೂರು ಸುತ್ತಿದರು. 1914ರಲ್ಲಿ ಮೊಂಟಾನಾ ತನ್ನ ಮಹಿಳೆಯರಿಗೆ ಮತದಾನದ ಹಕ್ಕು ನೀಡಿತು. ಎರಡೇ ವರ್ಷದಲ್ಲಿ ಅವರು ರಿಪಬ್ಲಿಕನ್ ಅಭ್ಯರ್ಥಿಯಾಗಿ ಕಣಕ್ಕಿಳಿದರು. ಆಗ ಇಡೀ ರಾಜ್ಯವೇ ಒಂದು ಕ್ಷೇತ್ರ, ಸ್ಥಾನಗಳು ಎರಡು. ಎರಡನೆಯ ಸ್ಥಾನ ಅವರ ಪಾಲಾಯಿತು.

ಪ್ರಮಾಣವಚನ ಸ್ವೀಕರಿಸಿ ನಾಲ್ಕೇ ದಿನಕ್ಕೆ, 1917ರ ಏಪ್ರಿಲ್ 6ರಂದು, ಜರ್ಮನಿಯ ವಿರುದ್ಧ ಯುದ್ಧ ಸಾರುವ ನಿರ್ಣಯ ಮತಕ್ಕೆ ಬಂತು. ವಿರೋಧಿಸಿದ 50 ಸದಸ್ಯರಲ್ಲಿ ರ‍್ಯಾಂಕಿನ್ ಒಬ್ಬರು. ಅದೇ ಜೂನ್‌ನಲ್ಲಿ ಬ್ಯೂಟ್ ನಗರದ ಗಣಿಯಲ್ಲಿ ಬೆಂಕಿಗೆ 168 ಕಾರ್ಮಿಕರು ಬಲಿಯಾದಾಗ ಮುಷ್ಕರನಿರತರ ಪರ ನಿಂತರು. ಪ್ರಬಲ ಅನಕೊಂಡಾ ತಾಮ್ರ ಕಂಪೆನಿಯನ್ನು ಎದುರು ಹಾಕಿಕೊಂಡರು. ಅಷ್ಟರಲ್ಲಿ ರಾಜ್ಯದ ಶಾಸನಸಭೆ ಮೊಂಟಾನಾವನ್ನು ಎರಡು ಕ್ಷೇತ್ರಗಳಾಗಿ ವಿಭಜಿಸಿತು. ರ‍್ಯಾಂಕಿನ್ ಅವರ ಪಶ್ಚಿಮ ಭಾಗದಲ್ಲಿ ಡೆಮಾಕ್ರಟಿಕ್ ಪಕ್ಷದ್ದೇ ಮೇಲುಗೈ. ಹಾಗಾಗಿ 1918ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿ ಸೋತರು.

ಮುಂದಿನ ಎರಡು ದಶಕ ಶಾಂತಿ ಸಂಘಟನೆಗಳಲ್ಲಿ ದುಡಿದು, 1940ರಲ್ಲಿ ಅದೇ ಪಶ್ಚಿಮ ಕ್ಷೇತ್ರದಿಂದ ಗೆದ್ದು ಮರಳಿದರು. ಪರ್ಲ್ ಹಾರ್ಬರ್ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ಜಪಾನಿನ ವಿರುದ್ಧದ ಯುದ್ಧ ನಿರ್ಣಯಕ್ಕೆ ಪ್ರತಿನಿಧಿ ಸಭೆಯಲ್ಲಿ 388 ಮತ ಬಿತ್ತು. ವಿರುದ್ಧ ಬಿದ್ದದ್ದು ಒಂದೇ, ರ‍್ಯಾಂಕಿನ್ ಅವರದು. ಮುತ್ತಿದ ಜನರಿಂದ ತಪ್ಪಿಸಿಕೊಳ್ಳಲು ಅವರು ದೂರವಾಣಿ ಗೂಡಿನಲ್ಲಿ ಅಡಗಬೇಕಾಯಿತು. ಕೊನೆಗೆ ಪೊಲೀಸರು ಬಂದು ಕರೆದೊಯ್ದರು. ರಾಜಕೀಯ ಜೀವನ ಅಲ್ಲಿಗೇ ಮುಗಿಯಿತು. 1942ರಲ್ಲಿ ಅವರು ಸ್ಪರ್ಧಿಸಲಿಲ್ಲ.

ಗಾಂಧೀಜಿಯವರ ಅಹಿಂಸಾ ಮಾರ್ಗಕ್ಕೆ ಮಾರುಹೋಗಿದ್ದ ರ‍್ಯಾಂಕಿನ್ ಬಳಿಕ ಹಲವು ಬಾರಿ ಭಾರತಕ್ಕೆ ಬಂದರು. 1968ರ ಜನವರಿಯಲ್ಲಿ, 87ರ ಇಳಿವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧ ವಿರೋಧಿಸಿ ಸಾವಿರಾರು ಮಹಿಳೆಯರನ್ನು ವಾಷಿಂಗ್ಟನ್‌ನ ಬೀದಿಗಳಲ್ಲಿ ಮುನ್ನಡೆಸಿದರು. 1973ರ ಮೇ 18ರಂದು ನಿಧನರಾದರು.

ಒಂದೇ ಸ್ಥಾನಕ್ಕೆ ಇಳಿದಿದ್ದ ಮೊಂಟಾನಾಕ್ಕೆ 2022ರ ಚುನಾವಣೆಯಲ್ಲಿ ಎರಡನೆಯ ಸ್ಥಾನ ಮರಳಿತು. ಆದರೆ 2024ರ ಚುನಾವಣೆಯವರೆಗೂ ಆ ರಾಜ್ಯ ಕಾಂಗ್ರೆಸ್ಸಿಗೆ ಆರಿಸಿ ಕಳುಹಿಸಿದ ಏಕೈಕ ಮಹಿಳೆ ರ‍್ಯಾಂಕಿನ್.