ದೊಡ್ಡ ಎಂಜಿನ್ ಕೂರಿಸಿದರೆ ಹಳೇ ಕಾರು ರೇಸ್ ಕಾರಾಗುತ್ತದೆಯೇ? ಕ್ಯಾರಲ್ ಶೆಲ್ಬಿ ಬದುಕಿನಲ್ಲಿದೆ ಉತ್ತರ

ಹಳೇ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿ, ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಬಂದ ಹೊಸ ಎಂಜಿನ್ ಕೂರಿಸುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಹೀಗೆ ಪೂರ್ತಿ ಜೋಡಿಸಿ ಮಾರುವ ಎಂಜಿನ್ನಿಗೆ ಕ್ರೇಟ್ ಎಂಜಿನ್ ಎನ್ನುತ್ತಾರೆ. ಎರಡು ನಿಮಿಷದ ವಿಡಿಯೊ ನೋಡಿದ ಮೇಲೆ, ಎಂಜಿನ್ ದೊಡ್ಡದಾದರೆ ಸಾಕು, ಕಾರು ಗಾಳಿಯಂತೆ ಓಡುತ್ತದೆ ಅನ್ನಿಸುವುದು ಸಹಜ. ಆದರೆ ಅದು ಅರ್ಧ ಸತ್ಯ. ಉಳಿದರ್ಧವನ್ನು ತಿಳಿಯಲು ಕ್ಯಾರಲ್ ಶೆಲ್ಬಿ ಅವರ ಬದುಕನ್ನು ನೋಡೋಣ.

ದುರ್ಬಲ ಹೃದಯದ ಹುಡುಗ

ಶೆಲ್ಬಿ ಹುಟ್ಟಿದ್ದು 1923ರ ಜನವರಿ 11ರಂದು, ಅಮೆರಿಕದ ಟೆಕ್ಸಾಸ್‌ನಲ್ಲಿ. ಏಳನೇ ವಯಸ್ಸಿನಲ್ಲೇ ಹೃದಯದ ಕವಾಟದಲ್ಲಿ ಸೋರಿಕೆ ಇರುವುದು ಗೊತ್ತಾಯಿತು. ಬಾಲ್ಯದ ಎಷ್ಟೋ ದಿನಗಳು ಹಾಸಿಗೆಯಲ್ಲೇ ಕಳೆದವು. ದೊಡ್ಡವರಾದ ಮೇಲೆ ಎರಡನೇ ಮಹಾಯುದ್ಧದ ಕಾಲದಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಟ್ಟರು. ಯುದ್ಧ ಮುಗಿದ ನಂತರ ಕೋಳಿ ಫಾರಂ ಮಾಡಿದರು. ಮೊದಲ ಸಲ ಲಾಭ ಬಂತು, ಮುಂದೆ ರೋಗ ತಗುಲಿ ಕೋಳಿಗಳು ಸತ್ತು ಕೈ ಸುಟ್ಟುಕೊಂಡರು. ರೇಸಿಗೆ ಇಳಿದದ್ದು 1952ರಲ್ಲಿ. 1959ರಲ್ಲಿ ರಾಯ್ ಸಾಲ್ವಡೋರಿ ಜೊತೆ ಆಸ್ಟನ್ ಮಾರ್ಟಿನ್ ಓಡಿಸಿ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ರೇಸ್ ಗೆದ್ದರು.

ನಾಲಿಗೆಯ ಕೆಳಗೊಂದು ಮಾತ್ರೆ

1960ರಲ್ಲಿ ಎದೆನೋವು ಶುರುವಾಯಿತು. ನೈಟ್ರೋಗ್ಲಿಸರಿನ್ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡೇ ರೇಸ್ ಓಡಿಸಿದರು. ನೈಟ್ರೋಗ್ಲಿಸರಿನ್ ಸ್ಫೋಟಕವಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಮಾತ್ರೆಯಲ್ಲಿ ಅದು ಬಹಳ ಅಲ್ಪ ಪ್ರಮಾಣದಲ್ಲಿ, ಬೇರೆ ಪದಾರ್ಥಗಳೊಂದಿಗೆ ಬೆರೆತಿರುವುದರಿಂದ ಸಿಡಿಯುವುದಿಲ್ಲ. ಅದು ರಕ್ತನಾಳಗಳನ್ನು ಸಡಿಲಗೊಳಿಸಿ ಹೃದಯದ ಹೊರೆ ಇಳಿಸುತ್ತದೆ. ನೋವು ತಗ್ಗುತ್ತದೆ, ಕಾಯಿಲೆ ಹೋಗುವುದಿಲ್ಲ. ಶೆಲ್ಬಿ ಅವರಿಗೂ ಆದದ್ದು ಅದೇ. ಆ ವರ್ಷ ಅಮೆರಿಕದ ರೋಡ್ ರೇಸಿಂಗ್ ಚಾಂಪಿಯನ್ ಆದರೂ ಸ್ಟೀರಿಂಗ್ ಬಿಡಬೇಕಾಯಿತು. ಆಗ ಅವರಿಗೆ 37 ವರ್ಷ.

ಇಂಗ್ಲೆಂಡಿನ ಕಾರು, ಅಮೆರಿಕದ ಎಂಜಿನ್

1961ರಲ್ಲಿ ಇಂಗ್ಲೆಂಡಿನ ಎಸಿ ಕಾರ್ಸ್ ಕಂಪನಿಗೆ ಕಷ್ಟ ಬಂದಿತ್ತು. ಅದರ ಹಗುರವಾದ ಏಸ್ ಕಾರಿಗೆ ಬಳಸುತ್ತಿದ್ದ ಬ್ರಿಸ್ಟಲ್ ಎಂಜಿನ್ ತಯಾರಿಕೆ ನಿಲ್ಲುತ್ತಿತ್ತು. ಅದರಲ್ಲಿ ಅಮೆರಿಕದ ವಿ8 ಎಂಜಿನ್ ಕೂರಿಸೋಣವೇ ಎಂದು ಶೆಲ್ಬಿ ಪತ್ರ ಬರೆದರು. ಫೋರ್ಡ್ ಕಂಪನಿ ಎಂಜಿನ್ ಕೊಡಲು ಒಪ್ಪಿತು. 1962ರ ಫೆಬ್ರವರಿಯಲ್ಲಿ ಎಂಜಿನ್ ಇಲ್ಲದ ಕಾರು ವಿಮಾನದಲ್ಲಿ ಲಾಸ್ ಏಂಜಲೀಸ್‌ಗೆ ಬಂತು. ಗ್ಯಾರೇಜಿನಲ್ಲಿ ಒಂದೇ ದಿನದೊಳಗೆ ವಿ8 ಕೂತಿತು. ಹಾಗೆ ಹುಟ್ಟಿದ್ದೇ ಕೋಬ್ರಾ. ಪತ್ರಿಕೆಗಳವರು ಓಡಿಸಿ ನೋಡಲು ಬಂದಾಗ, ಇದ್ದ ಒಂದೇ ಕಾರಿಗೆ ಪ್ರತಿ ಸಲ ಬೇರೆ ಬಣ್ಣ ಬಳಿದು, ಹಲವು ಕಾರುಗಳಿವೆ ಎಂದು ನಂಬಿಸಿದರು!

ಒಂದು ದಿನದಲ್ಲಿ ಕೂರಿಸಿದರಲ್ಲ, ಹಾಗಾದರೆ ಸುಲಭವೇ? ಅಲ್ಲ. ಮೊದಲನೆಯದಾಗಿ, ಆ ವಿ8 ತೆಳುವಾಗಿ ಎರಕ ಹೊಯ್ದದ್ದು. ಗಾತ್ರ ಎರಡು ಲೀಟರಿನಿಂದ 4.2 ಲೀಟರಿಗೆ ಏರಿದರೂ ತೂಕ ಅಷ್ಟೇನೂ ಹೆಚ್ಚಲಿಲ್ಲ. ಎರಡನೆಯದಾಗಿ, ಹೆಚ್ಚಿದ ಶಕ್ತಿಯನ್ನು ಹಳೆಯ ಡಿಫರೆನ್ಷಿಯಲ್ ತಡೆಯುವಂತಿರಲಿಲ್ಲ, ಗಟ್ಟಿಯಾದದ್ದನ್ನು ಹಾಕಿದರು. ಮುಂದೆ ಏಳು ಲೀಟರಿನ ಎಂಜಿನ್ ಬೇಕೆಂದಾಗ ಚಾಸಿಯನ್ನೇ ಹೊಸದಾಗಿ ಮಾಡಬೇಕಾಯಿತು. ಮೂರು ಇಂಚಿನ ಕೊಳವೆಗಳ ಜಾಗಕ್ಕೆ ನಾಲ್ಕು ಇಂಚಿನವು ಬಂದವು, ಪಟ್ಟಿ ಸ್ಪ್ರಿಂಗ್ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು. ಎಂಜಿನ್ ಒಂದೇ ಓಡುವುದಿಲ್ಲ, ಇಡೀ ಕಾರು ಅದನ್ನು ತಾಳಿಕೊಳ್ಳಬೇಕು.

ಅವರದೇ ಎದೆಯಲ್ಲಿ

1990ರಲ್ಲಿ, 67ನೇ ವಯಸ್ಸಿನಲ್ಲಿ, ಶೆಲ್ಬಿ ಅವರಿಗೆ ಹೃದಯ ಕಸಿ ಆಯಿತು. ಇಲ್ಲೂ ಹೊಸದನ್ನು ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬೇರೆಯವರ ಹೃದಯವನ್ನು ದೇಹ ಪರಕೀಯವೆಂದು ತಿರಸ್ಕರಿಸದಂತೆ ಜೀವನಪೂರ್ತಿ ಔಷಧ ಬೇಕು. 1996ರಲ್ಲಿ ಅವರ ಮಗನೇ ಒಂದು ಕಿಡ್ನಿ ಕೊಟ್ಟರು. ಹೃದಯದ ತೊಂದರೆ ಇರುವ ಮಕ್ಕಳ ಚಿಕಿತ್ಸೆಗೆಂದು ಶೆಲ್ಬಿ ಪ್ರತಿಷ್ಠಾನವನ್ನೂ ಕಟ್ಟಿದ್ದರು. ಕಸಿಯ ನಂತರ ಅವರು 22 ವರ್ಷ ಬದುಕಿದರು. 2012ರ ಮೇ 10ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು.

ನೆನಪಿಡಿ

ಎದೆನೋವು ಬಂದರೆ ಶೆಲ್ಬಿಯಂತೆ ಮಾತ್ರೆ ಇಟ್ಟುಕೊಂಡು ಕೆಲಸ ಮುಂದುವರಿಸಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಈ ಮಾತ್ರೆ ರಕ್ತದೊತ್ತಡವನ್ನು ಇಳಿಸುವುದರಿಂದ ವೈದ್ಯರು ಹೇಳದೆ ನುಂಗುವುದು ಅಪಾಯ. ಇನ್ನು ಹೃದಯ ಕಸಿ ಆದವರು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ, ಅವರಿಗೆ ಈ 22 ವರ್ಷಗಳ ಕತೆಯನ್ನು ಕಳುಹಿಸಿ. ಆ ಹೃದಯ ಸಿಕ್ಕಿದ್ದು, ತೀರಿಹೋದ ಯಾರದೋ ಅಂಗದಾನದಿಂದ.